ಮಾರಮ್ಮನ ಗಂಡ ಹೊಲಿದ ಎಕ್ಕಡ

ಮಾರಿಹಬ್ಬಕ್ಕೆ ಕೋಣ ಯಾಕೆ ಅಂತ ನಮ್ಮ ಸೀಮೆಯ ಹಳಬರನ್ನು ಕೇಳಿ ನೋಡಿ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾಲ್ಕು ದಾರಿ ಕೂಡುತ್ತವೆ. ತಿಪಟೂರಿನ ದಾರಿ ಹಿಡಿದರೂ ಸರಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ದಾರಿ ಹಿಡಿದರೂ ಸರಿ, ತೋಟ ಮುಗಿದು, ಊರು ಮುಗಿದು, ಆಮೇಲೆ ನಮ್ಮ ಹಟ್ಟಿಗಳು ಸಿಗುತ್ತವೆ. ‘ಅದು ಬರೀ ಕೋಣ ಅಲ್ಲ ಕಣಪ್ಪಾ, ಮಾರಮ್ಮನ ಗಂಡ’ ಅನ್ನುವ ಅಜ್ಜಿಯರು ಇನ್ನೂ ಇದ್ದಾರೆ. ಗಂಡನನ್ನ ಯಾಕೆ ಕಡೀತಾರೆ ಅಂತ ಮುಂದಕ್ಕೆ ಕೇಳಿದರೆ ‘ಅವನು ಜಾತಿ ಮುಚ್ಚಿಟ್ಟು ಅವಳನ್ನ ಮದುವೆ ಆಗಿದ್ದ’ ಅನ್ನುತ್ತಾರೆ. ಅಷ್ಟಕ್ಕೆ ಮಾತು ನಿಲ್ಲುತ್ತೆ. ಆ ಉತ್ತರ ಕೊಟ್ಟ ಅಜ್ಜಿ ಕೂಡ ಆ ಗಂಡನ ಕುಲದವಳೇ.

ಇಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ರಾಜರ ಮದುವೆಗಳಿವೆ. ಯಾವ ರಾಜನಿಗೆ ಯಾರ ಮಗಳನ್ನು ಕೊಟ್ಟು ಯಾವ ರಾಜ್ಯ ಉಳಿಸಿಕೊಂಡರು ಅನ್ನೋದನ್ನ ನಾವೂ ಬಾಯಿಪಾಠ ಮಾಡಿ ಪಾಸಾಗಿದ್ದೇವೆ. ಆದರೆ ಕನ್ನಡ ನಾಡಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ರಕ್ತ ಚೆಲ್ಲಿ ನೆನಪಿಟ್ಟುಕೊಂಡು ಬಂದ ಒಂದು ಮದುವೆ ಇದೆಯಲ್ಲ, ಅದರ ಬಗ್ಗೆ ಒಂದು ಸಾಲಿಲ್ಲ. ಅದು ಇಬ್ಬರು ಪ್ರೀತಿಸಿ ಸಂಸಾರ ಮಾಡಿದ ಕಥೆ. ಪಂಡಿತರು ಅದನ್ನು ಮೋಸದ ಕಥೆ ಅಂತ ಓದಿದರು, ನಮಗೂ ಹಾಗೇ ಓದಿಸಿದರು. ಮೋಸ ಮಾಡಿದವರು ಯಾರು ಅನ್ನೋದರ ವಿಚಾರಣೆ ಈಗಲಾದರೂ ಆಗಬೇಕು.

ಮೊದಲು ಕಥೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ಅನ್ನುವವನು 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಮೇಲೆ ಒಂದು ಪುಸ್ತಕ ತಂದ. ಅವನು ಬರೆದಿಟ್ಟ ಪಾಠದಲ್ಲಿ ಒಬ್ಬ ಋಷಿ ಇದ್ದಾನೆ, ಅವನಿಗೆ ಒಬ್ಬ ಮಗಳಿದ್ದಾಳೆ. ಒಬ್ಬ ಚಂಡಾಲ ಅವಳನ್ನು ಮೆಚ್ಚುತ್ತಾನೆ. ಇದ್ದಂತೆ ಹೋಗಿ ಕೇಳಿದರೆ ತಲೆ ಉಳಿಯುವುದಿಲ್ಲ. ಬ್ರಾಹ್ಮಣನ ವೇಷ ಹಾಕಿಕೊಂಡು ಕಾಶಿಗೆ ಹೋಗುತ್ತಾನೆ. ಅಲ್ಲಿ ಗುರುವಿನ ಹತ್ತಿರ ಶಾಸ್ತ್ರ ಕಲಿಯುತ್ತಾನೆ, ಅವರ ಊಟ, ಉಡುಗೆ, ಮಾತು, ಮಡಿ ಎಲ್ಲ ಕಲಿಯುತ್ತಾನೆ. ತಿರುಗಿ ಬಂದು ಹೆಣ್ಣು ಕೇಳುತ್ತಾನೆ. ಅವಳೂ ಒಪ್ಪುತ್ತಾಳೆ, ಋಷಿಯೂ ಒಪ್ಪುತ್ತಾನೆ. ಮದುವೆ ಆಗುತ್ತೆ, ಸಂಸಾರ ನಡೆಯುತ್ತೆ, ಮಕ್ಕಳಾಗುತ್ತವೆ. ಒಂದು ದಿವಸ ಸ್ನಾನಕ್ಕೆ ಹೋಗುವ ಮುಂಚೆ ಅವನು ಹರಿದುಹೋದ ಒಂದು ಹಳೇ ಎಕ್ಕಡ ಹೊಲಿಯುತ್ತಾ ಕೂತಿದ್ದನ್ನ ಮಗು ನೋಡುತ್ತೆ. ಹೋಗಿ ತಾಯಿಗೆ ಹೇಳುತ್ತೆ. ಅವಳಿಗೆ ಗಂಡ ಯಾರು ಅನ್ನೋದು ಗೊತ್ತಾಗುತ್ತೆ. ಶಾಪ ಹಾಕುತ್ತಾಳೆ. ಅವನು ಕೋಣನಾಗಿ ಹುಟ್ಟಿ ತನಗೇ ಬಲಿಯಾಗಬೇಕು. ಮಕ್ಕಳು ಕುರಿ ಕೋಳಿಗಳಾಗಿ ಹುಟ್ಟಬೇಕು. ತನಗೂ ಶಾಪ ಹಾಕಿಕೊಳ್ಳುತ್ತಾಳೆ: ತಾನು ಮಾರಿಯಾಗಬೇಕು, ಕೀಳು ಅನ್ನಿಸಿಕೊಂಡವರಿಂದ ಮಾತ್ರ ಪೂಜೆ ಮಾಡಿಸಿಕೊಳ್ಳಬೇಕು.

ಕೋಣನ ತಲೆ ಕಡಿದ ಮೇಲೆ ಅದರ ಬಲಗಾಲು ಕಡಿದು ಅದರ ಬಾಯಿಗೇ ಸಿಕ್ಕಿಸುವ ಪದ್ಧತಿಗೂ ವೈಟ್‌ಹೆಡ್ ಇದೇ ಕಾರಣ ಬರೆದಿದ್ದಾನೆ. ಅವನು ಎಕ್ಕಡ ಹೊಲಿದನಲ್ಲ, ಅದರ ಜ್ಞಾಪಕಕ್ಕಂತೆ!

ಬಾಯಿಂದ ಬಾಯಿಗೆ ಬಂದ ಕಥೆಗೆ ಪಾಠ ಹಲವು. ಇನ್ನೊಂದು ಪಾಠದಲ್ಲಿ ಗುಟ್ಟು ಒಡೆಯೋದು ಅವನ ಹೆತ್ತ ತಾಯಿಯಿಂದ. ಮಗನನ್ನು ನೋಡಬೇಕು ಅಂತ ಬಂದ ತಾಯಿಯನ್ನು ಅವನು ಬಾಯಿ ಬಾರದವಳ ಹಾಗೆ ಇರಿಸುತ್ತಾನೆ. ಮಾತಾಡಿದರೆ ಹಟ್ಟಿಯ ಮಾತು ಬಂದುಬಿಡುತ್ತಲ್ಲ! ಸೊಸೆ ಸಿಹಿ ಮಾಡಿ ಬಡಿಸುತ್ತಾಳೆ. ಮುದುಕಿ ರುಚಿಗೆ ಮೈಮರೆತು, ಇದು ಥೇಟ್ ಕೋಣನ ನಾಲಿಗೆ ತಿಂದ ಹಾಗಿದೆಯಲ್ಲೋ ಅನ್ನುವ ಅರ್ಥದ ಮಾತಾಡಿಬಿಡುತ್ತಾಳೆ. ಮುಂದಿನದೆಲ್ಲ ಅದೇ: ಬೆಂಕಿ, ಶಾಪ, ಕೋಣ.

ಈ ಕಥೆಯಲ್ಲಿ ಬಯಲಿಗೆ ಬಿದ್ದ ಅಪರಾಧ ಯಾವುದು ನೋಡಿ. ಅವನು ಹೆಂಡತಿಯನ್ನು ಹೊಡೆಯಲಿಲ್ಲ. ಮಕ್ಕಳನ್ನು ಉಪವಾಸ ಕೆಡವಲಿಲ್ಲ. ಮಾವನ ಆಸ್ತಿ ನುಂಗಲಿಲ್ಲ. ಕಲಿತ ಶಾಸ್ತ್ರದಲ್ಲಿ ಒಂದು ತಪ್ಪು ಹಿಡಿದವರಿಲ್ಲ. ಅವನು ಸಿಕ್ಕಿಬಿದ್ದದ್ದು ಕೆಲಸ ಮಾಡುತ್ತಿದ್ದಾಗ. ಹರಿದದ್ದನ್ನು ಹೊಲಿಯುತ್ತಿದ್ದಾಗ! ವರ್ಷಗಟ್ಟಲೆ ಬಚ್ಚಿಟ್ಟ ಕೈಕಸಬು ಒಂದು ಬೆಳಗ್ಗೆ ಬೆರಳಿಗೆ ತಾನೇ ಬಂತು. ಇನ್ನೊಂದು ಪಾಠದಲ್ಲಿ ತಾಯಿಯ ನಾಲಿಗೆಗೆ ಹಟ್ಟಿಯ ರುಚಿ ತಾನೇ ಬಂತು. ನಮ್ಮ ಕೈಯ ಕಸಬು ಮತ್ತು ನಮ್ಮ ನಾಲಿಗೆಯ ರುಚಿ, ಇವೆರಡೇ ಇಲ್ಲಿ ಸಾಕ್ಷಿ. ಇವೆರಡರ ಮೇಲೇ ಶಿಕ್ಷೆ. ಅದಕ್ಕೇ ಕಾಲು ಬಾಯಿಗೆ.

ಈ ತೀರ್ಪು ಮಾರಮ್ಮನದು ಅನ್ನೋದನ್ನ ನಾವು ಒಪ್ಪೋದಿಲ್ಲ. ತೀರ್ಪು ಅವಳಿಗಿಂತ ಹಳೆಯದು. ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಶೂದ್ರ ಗಂಡಸಿಗೂ ಬ್ರಾಹ್ಮಣ ಹೆಂಗಸಿಗೂ ಹುಟ್ಟಿದ ಮಗು ಚಂಡಾಲ, ಮನುಷ್ಯರಲ್ಲಿ ಎಲ್ಲರಿಗಿಂತ ಕೀಳು ಅಂತ ಬರೆದಿದೆ. ಅಂಥವರು ಊರ ಹೊರಗಿರಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು ಅಂತಲೂ ಬರೆದಿದೆ. ಇದಕ್ಕೆ ಪ್ರತಿಲೋಮ ಅಂತ ಹೆಸರು. ಶಾಸ್ತ್ರದಲ್ಲಿ ಆ ಮಕ್ಕಳು ಮನುಷ್ಯರಲ್ಲಿ ಕಡೆಯವರು. ಮಾರಿಯ ಕಥೆಯಲ್ಲಿ ಮನುಷ್ಯರೇ ಅಲ್ಲ, ಕುರಿ ಕೋಳಿ. ಸಂಸ್ಕೃತ ಬಾರದ ಜನಕ್ಕೆ ಸಂಸ್ಕೃತದ ಕಾನೂನನ್ನು ತಮಟೆ ಬಡಿದು ತಿಳಿಸುವ ವ್ಯವಸ್ಥೆ ಇದು. ತಮಟೆ ಬಡಿಯೋರು ಮಾತ್ರ ನಾವೇ.

ಅದೇ ಗಂಡಸು ಮೇಲಿನವನಾಗಿ, ಹೆಂಗಸು ಕೆಳಗಿನವಳಾದರೆ ಅದು ಅನುಲೋಮ, ಅದಕ್ಕೆ ಇಷ್ಟು ಸಿಟ್ಟಿಲ್ಲ. ಊರ ದೊಡ್ಡವರು ಕತ್ತಲಾದ ಮೇಲೆ ಹಟ್ಟಿಯ ಬಾಗಿಲಿಗೆ ಬಂದದ್ದಕ್ಕೆ ಯಾವ ದೇವತೆ ಶಾಪ ಕೊಟ್ಟಿದ್ದಾಳೆ? ನಮ್ಮ ಹೆಣ್ಣುಮಕ್ಕಳನ್ನು ಬಸವಿ ಬಿಟ್ಟದ್ದಕ್ಕೆ ಯಾವ ಗೌಡ ಕೋಣನಾಗಿ ಹುಟ್ಟಿದ್ದಾನೆ? ಅವರಿಗೆ ಜಾತಿ ಮುಚ್ಚಿಡುವ ಅವಶ್ಯಕತೆಯೂ ಇರಲಿಲ್ಲ. ರಾಜಾರೋಷವಾಗಿ ಬಂದರು, ರಾಜಾರೋಷವಾಗಿ ಹೋದರು. ವೇಷ ಬೇಕಾದದ್ದು ಕೆಳಗಿನಿಂದ ಮೇಲಕ್ಕೆ ಕೈ ಚಾಚಿದವನಿಗೆ ಮಾತ್ರ.

ಓದಿದರೆ ಎಲ್ಲ ಸರಿಹೋಗುತ್ತೆ ಅಂತ ನಮಗೆ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ತೆಗೆದುಕೊಂಡವರು ನಾವು. ಓದಿನ ಬೆಲೆ ನಮಗೆ ಗೊತ್ತು. ಆದರೆ ಕಾಶಿಗೆ ಹೋಗಿ ಓದಿ ಬಂದವನ ಕಥೆ ಏನಾಯಿತು ಅಂತ ಈಗ ತಾನೆ ನೋಡಿದೆವು. ಕೊಲಂಬಿಯಾಕ್ಕೆ ಹೋಗಿ ಓದಿ ಬಂದವರ ಕಥೆಯನ್ನೂ ನೋಡೋಣ. ಇದು ಪುರಾಣ ಅಲ್ಲ, ಅವರೇ ಬರೆದಿಟ್ಟ ಚರಿತ್ರೆ. ಬಾಬಾಸಾಹೇಬ್ ಅಂಬೇಡ್ಕರ್ ಅಮೇರಿಕ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಹಿಂದೂ ಹೋಟೆಲಿನಲ್ಲಿ ಜಾಗ ಸಿಗಲ್ಲ. ಪಾರ್ಸಿಗಳ ಒಂದು ವಸತಿಯಲ್ಲಿ ಪಾರ್ಸಿ ಹೆಸರು ಬರೆಸಿ ಇಳಿದುಕೊಂಡರು. ಹನ್ನೊಂದನೇ ದಿವಸ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕಿತು. ಊರಲ್ಲಿ ಒಂದು ಬಾಡಿಗೆ ರೂಮು ಸಿಗದೆ ಕಮಾಟಿ ಬಾಗ್ ಅನ್ನುವ ಸಾರ್ವಜನಿಕ ತೋಟದಲ್ಲಿ ಕೂತು ಕಣ್ಣೀರು ಹಾಕಿ, ಅವತ್ತೇ ರಾತ್ರಿ ರೈಲಿಗೆ ಬೊಂಬಾಯಿಗೆ ವಾಪಸು ಹೊರಟರು. ಮುಂದೆ ಈ ದೇಶದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದವರಿಗೆ ತಲೆಯ ಮೇಲೆ ಒಂದು ಸೂರು ಬೇಕಾದಾಗ ಬೇರೆಯವರ ಹೆಸರು ಹೊದ್ದುಕೊಳ್ಳಬೇಕಾಯಿತು.

ಅವರನ್ನು ಮೋಸಗಾರ ಅಂತೀರಾ? ಹಾಗಾದರೆ ಮಾರಮ್ಮನ ಗಂಡನನ್ನು ಯಾಕೆ ಅಂತೀರಿ? ಬಾಗಿಲ ಮೇಲೆ ‘ನಿನಗೆ ಪ್ರವೇಶ ಇಲ್ಲ’ ಅಂತ ಬರೆದು, ಬೇರೆ ಮುಖ ಹಾಕಿಕೊಂಡು ಒಳಗೆ ಬಂದವನನ್ನ ‘ನೀನು ಮುಖ ಬಚ್ಚಿಟ್ಟೆ’ ಅಂತ ಕೊಲ್ಲುವ ನ್ಯಾಯ ಇದು. ಇವತ್ತಿಗೂ ಬೆಂಗಳೂರಿನಲ್ಲಿ, ತುಮಕೂರಿನಲ್ಲಿ ರೂಮು ಹುಡುಕುವ ನಮ್ಮ ಹುಡುಗರನ್ನು ಓನರು ಮೊದಲು ಕೇಳೋದು ‘ನೀವು ಯಾವ ಪೈಕಿ?’ ಅಂತ. ಹೆಸರಿನ ಹಿಂದಿರುವ ಊರನ್ನು, ಊರಿನ ಹಿಂದಿರುವ ಕೇರಿಯನ್ನು ಮುಚ್ಚಿಟ್ಟು ಬದುಕುವವರು ಎಷ್ಟು ಜನ! ಅಪ್ಪ ಅವ್ವ ಊರಿಂದ ಬಂದರೆ ‘ಮನೆ ಓನರ ಹತ್ರ ಜಾಸ್ತಿ ಮಾತಾಡಬ್ಯಾಡಿ’ ಅಂತ ಹೇಳುವ ಮಕ್ಕಳೂ ಇದ್ದಾರೆ. ಬಾಯಿ ಬಾರದವಳಂತೆ ಕೂತ ಆ ಮುದುಕಿ ಇನ್ನೂ ಸತ್ತಿಲ್ಲ ಗೆಳೆಯರೆ.

ಇನ್ನು ಅವಳ ವಿಚಾರ. ಬಚ್ಚಿಟ್ಟವನು ಅವನೊಬ್ಬನೇ ಅಂತ ಕಥೆ ಹೇಳುತ್ತೆ. ನಾವು ಹೇಳೋದು, ಅವಳದ್ದೂ ಒಂದು ಮುಚ್ಚಿಹೋಗಿದೆ. ಅವಳು ಒಪ್ಪಿ ಮದುವೆಯಾದವಳು. ಅವನ ಜೊತೆ ಉಂಡು, ಮಲಗಿ, ಹೆತ್ತು, ಸಾಕಿದವಳು. ಆ ವರ್ಷಗಳ ಬಗ್ಗೆ ಅವಳ ಬಾಯಲ್ಲಿ ಒಂದು ಮಾತಾದರೂ ಇದೆಯಾ? ಇಲ್ಲ. ಎಕ್ಕಡ ಕಂಡ ಗಳಿಗೆಯಿಂದ ಅವಳಿಗೆ ಬಾಯಿ ಬಂದದ್ದು ಶಾಪಕ್ಕೆ ಮಾತ್ರ. ಪುರೋಹಿತಶಾಹಿ ಅವಳ ಪ್ರೀತಿಯನ್ನು ಅಳಿಸಿ ಅವಳ ಸಿಟ್ಟನ್ನು ಮಾತ್ರ ಉಳಿಸಿಕೊಂಡಿತು. ಆದರೂ ಪೂರ್ತಿ ಅಳಿಸೋಕೆ ಆಗಲಿಲ್ಲ. ಶಾಪ ಕೊಟ್ಟವಳು ತಿರುಗಿ ಅಪ್ಪನ ಆಶ್ರಮಕ್ಕೆ ಹೋಗಲಿಲ್ಲ, ಅದನ್ನು ಗಮನಿಸಿ. ಪ್ರಾಯಶ್ಚಿತ್ತ ಮಾಡಿಸಿಕೊಂಡು ಶುದ್ಧಳಾಗಲಿಲ್ಲ. ಅವಳು ಬಂದು ಸೇರಿದ್ದು ಗಂಡನ ಕಡೆಯವರನ್ನು. ಊರ ಹೊರಗೆ, ನಮ್ಮ ಕೈಯ ಪೂಜೆಗೆ. ಹೆಣ್ಣು ಗಂಡನ ಮನೆಗೆ ಬರೋದು ಅಂದರೆ ಇದೇ ಅಲ್ಲವಾ? ಋಷಿಯ ಮಗಳು ಮಾರಿಯ ಮುಖ ಹಾಕಿಕೊಂಡು ಕೂತಿದ್ದಾಳೆ. ಗಂಡ ಕೋಣನ ಚರ್ಮ ಹೊದ್ದು ಎದುರಿಗೆ ನಿಂತಿದ್ದಾನೆ. ಇಬ್ಬರೂ ವೇಷದಲ್ಲೇ ಇದ್ದಾರೆ. ವೇಷ ಕಳಚದ ಹಾಗೆ ಕಾವಲಿರುವವರು ಊರವರು.

ಈ ಮದುವೆಯನ್ನು ಎದ್ದುಕಾಣುವಂತೆ ನೋಡಬೇಕಾದರೆ ನಮ್ಮ ತೆಂಗಿನ ಸೀಮೆ ಬಿಟ್ಟು ಮಲೆನಾಡಿನ ಶಿರಸಿಗೆ ಹೋಗಬೇಕು. ಅಲ್ಲಿನ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೊದಲು ದೇವಿಗೆ ಮದುವೆ ಮಾಡುತ್ತಾರೆ. ಜಾತ್ರೆಯೆಲ್ಲ ಅವಳು ಮುತ್ತೈದೆ. ಕೊನೆಯ ದಿವಸ ಅವಳು ಹೊರಡುವ ಹೊತ್ತಿಗೆ ಮಾತಂಗಿಯ ಚಪ್ಪರಕ್ಕೆ ಬೆಂಕಿ ಇಡುತ್ತಾರೆ. ಮದುವೆ, ಸಂಸಾರ, ಬೆಂಕಿ, ವೈಧವ್ಯ, ಇಡೀ ಕಥೆಯನ್ನು ಊರೇ ನಿಂತು ಆಡಿ ತೋರಿಸುತ್ತೆ. ಅಲ್ಲಿ ಕೋಣ ಕಡಿಯುವುದು ಗಾಂಧಿಯ ಕಾಲದಲ್ಲಿ, 1930ರ ದಶಕದಲ್ಲಿ ನಿಂತಿತು. ಚಪ್ಪರ ಸುಡುವುದು ನಿಲ್ಲಲಿಲ್ಲ. ಕೋಣನ ಮೇಲೆ ದಯೆ ಬಂತು. ಸುಟ್ಟುಹೋಗುವ ಗುಡಿಸಲು ಯಾರದು ಅಂತ ಯೋಚನೆ ಮಾಡುವಷ್ಟು ದಯೆ ಬರಲಿಲ್ಲ.

ನಮ್ಮ ಕಡೆಯ ವಿಷಯಕ್ಕೆ ಬಂದರೂ ಅಷ್ಟೆ. ರಾಜ್ಯದಲ್ಲಿ 1959ರಲ್ಲೇ ಪ್ರಾಣಿಬಲಿ ತಡೆಯುವ ಕಾಯಿದೆ ಆಗಿದೆ. ಆಗಬೇಕಾದದ್ದೇ. ಬಲಿ ಹೆಸರಿನಲ್ಲಿ ಕಡಿಯುವ ಕೆಲಸ, ತಮಟೆಯ ಕೆಲಸ, ಚರಗ ಚೆಲ್ಲುವ ಕೆಲಸ, ಗುಡಿಸಿ ತೊಳೆಯುವ ಕೆಲಸ ಎಲ್ಲ ಯಾರ ಕುತ್ತಿಗೆಗೆ ಬಿದ್ದಿತ್ತು ಅನ್ನೋದು ಎಲ್ಲರಿಗೂ ಗೊತ್ತು. ಊರಿಗೆ ರೋಗ ಬಂದರೆ ಊರವರ ಪರವಾಗಿ ನಾವೇ ನಮ್ಮ ಹಿರಿಯನನ್ನು ಕಡಿಯಬೇಕು! ಚಿತ್ರದುರ್ಗ, ತುಮಕೂರು ಸೀಮೆಯ ಮಾದಿಗರಲ್ಲಿ ಆಸಾದಿಗಳಿದ್ದಾರೆ. ಮಾರಿಯ ಕಥೆ ಹಾಡುವ ಹಕ್ಕು ಅವರದು. ಆಸಾದಿ ಹಾಡದೆ ಮಾರಿಗೆ ಹಬ್ಬವಿಲ್ಲ. ತನ್ನ ಕುಲದವನು ‘ಮೋಸಗಾರ’ನಾದ ಕಥೆಯನ್ನು ಅವನೇ ಹಾಡಬೇಕು, ಊರು ದೂರದಲ್ಲಿ ನಿಂತು ಕೇಳಬೇಕು, ಹಬ್ಬ ಮುಗಿದ ಮೇಲೆ ಅವನು ಹಟ್ಟಿಗೆ ನಡೀಬೇಕು. ಬಲಿ ಕೊಡುವವನೂ, ಬಲಿಯಾಗುವವನೂ, ಬಲಿಯ ಕಥೆ ಹಾಡುವವನೂ ಒಂದೇ ಕೇರಿಯವರು. ಇಂಥ ಹುನ್ನಾರ ಪ್ರಪಂಚದಲ್ಲಿ ಬೇರೆಲ್ಲಾದರೂ ಇದೆಯಾ?

‘ಮುಚ್ಚಿಟ್ಟದ್ದು ತಪ್ಪಲ್ಲವಾ, ಹೇಳಿಯೇ ಮದುವೆ ಆಗಬಹುದಿತ್ತಲ್ಲ’ ಅನ್ನುವ ಒಳ್ಳೆಯವರೂ ಇದ್ದಾರೆ. ಅವರಿಗೆ ಉತ್ತರ 12ನೇ ಶತಮಾನದ ಕಲ್ಯಾಣದಲ್ಲಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆ ನಡೆದ ಕಥೆ ನಾಡಿಗೆಲ್ಲ ಗೊತ್ತು. ಅಲ್ಲಿ ಯಾರೂ ಯಾವುದನ್ನೂ ಬಚ್ಚಿಡಲಿಲ್ಲ. ಹುಡುಗನ ಅಪ್ಪ ಎಕ್ಕಡ ಹೊಲಿಯುವವನು ಅಂತ ಊರಿಗೇ ಗೊತ್ತಿತ್ತು. ಹರಳಯ್ಯ ಗಂಡಹೆಂಡಿರು ತಮ್ಮ ತೊಡೆಯ ಚರ್ಮದಲ್ಲೇ ಎಕ್ಕಡ ಮಾಡಿ ಬಸವಣ್ಣನಿಗೆ ತಂದುಕೊಟ್ಟರಂತೆ, ಅದನ್ನು ಮೆಟ್ಟಲು ತಾನು ಯೋಗ್ಯನಲ್ಲ ಅಂತ ಬಸವಣ್ಣ ತಲೆಯ ಮೇಲಿಟ್ಟುಕೊಂಡನಂತೆ. ಮಾರಿಯ ಕಥೆಯಲ್ಲಿ ಕದ್ದು ಹೊಲಿದ ಎಕ್ಕಡ ಇಲ್ಲಿ ಬೀದಿಯಲ್ಲಿ ತಲೆಯ ಮೇಲೆ ಬಂತು. ಮದುವೆಯೂ ಹಾಗೇ ಬೆಳಕಿನಲ್ಲಿ, ಎರಡು ಕಡೆಯ ತಂದೆತಾಯಿ ಒಪ್ಪಿ, ಶರಣರೆಲ್ಲ ಕೂಡಿ ಆಯಿತು. ಆಮೇಲೆ ಏನಾಯಿತು? ಬಿಜ್ಜಳನ ಆಜ್ಞೆಯಂತೆ ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಕಲ್ಯಾಣ ಹೊತ್ತಿ ಉರಿಯಿತು, ಶರಣರು ದಿಕ್ಕಾಪಾಲಾದರು.

ಈಗ ಎರಡು ಕಥೆಯನ್ನೂ ಪಕ್ಕಪಕ್ಕ ಇಡಿ. ಒಬ್ಬ ಮುಚ್ಚಿಟ್ಟು ಮದುವೆಯಾದ, ಅವನಿಗೆ ಸಾವು. ಇನ್ನೊಂದು ಮನೆಯವರು ಸಾರಿ ಹೇಳಿ ಮದುವೆ ಮಾಡಿದರು, ಅವರಿಗೂ ಸಾವು. ಮುಚ್ಚಿಟ್ಟದ್ದೇ ಅಪರಾಧವಾಗಿದ್ದರೆ ಹರಳಯ್ಯ ಬದುಕಬೇಕಾಗಿತ್ತು. ಅಂದಮೇಲೆ ಶಿಕ್ಷೆ ಸುಳ್ಳಿಗಲ್ಲ, ಮದುವೆಗೆ.

ಇದನ್ನು ಬುಡಸಹಿತ ಹಿಡಿದವರು ಅಂಬೇಡ್ಕರ್. 1916ರಲ್ಲಿ, ವೈಟ್‌ಹೆಡ್‌ನ ಪುಸ್ತಕ ಬಂದ ವರ್ಷವೇ, ಅವರು ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಜೀವ ಇರೋದು ಒಳಗೊಳಗೇ ಹೆಣ್ಣು ಕೊಟ್ಟು ತರುವ ಕಟ್ಟಳೆಯಲ್ಲಿ ಅಂತ ತೋರಿಸಿದರು. ಜಾತಿ ಉಳಿಯಬೇಕಾದರೆ ಹೆಣ್ಣಿನ ಮೇಲೆ ಕಾವಲು ಬೇಕು. 1936ರ ಜಾತಿ ವಿನಾಶದ ಭಾಷಣದಲ್ಲಿ ಜಾತಿ ಒಡೆಯುವ ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂದರು. ಆ ಭಾಷಣವನ್ನು ಕರೆದವರೇ ಮಾಡಗೊಡಲಿಲ್ಲ. ಲಾಹೋರಿನ ಸಭೆ ರದ್ದಾಯಿತು, ಅವರೇ ದುಡ್ಡು ಹಾಕಿ ಅಚ್ಚು ಹಾಕಿಸಿದರು.

ಕಾನೂನಿನ ಚರಿತ್ರೆಯೂ ಮುಖ ಬಚ್ಚಿಡಿಸುವ ಚರಿತ್ರೆಯೇ. ಬ್ರಿಟಿಷ್ ಸರ್ಕಾರ 1872ರಲ್ಲಿ ವಿಶೇಷ ವಿವಾಹ ಕಾಯಿದೆ ತಂದಿತು. ಅದರಡಿ ಮದುವೆ ಆಗಬೇಕಾದರೆ ಗಂಡು ಹೆಣ್ಣು ಇಬ್ಬರೂ ರಿಜಿಸ್ಟ್ರಾರ್ ಮುಂದೆ ‘ನಾನು ಹಿಂದೂ ಧರ್ಮದವನಲ್ಲ, ಮುಸಲ್ಮಾನನಲ್ಲ, ಕ್ರಿಶ್ಚಿಯನ್ ಅಲ್ಲ’ ಅಂತ ಒಂದೊಂದಾಗಿ ಇಲ್ಲ ಅನ್ನಬೇಕಾಗಿತ್ತು. ಜಾತಿ ದಾಟಿ ಪ್ರೀತಿಸಿದವರು ತಾವು ಯಾರೂ ಅಲ್ಲ ಅಂತ ಬರೆದುಕೊಡಬೇಕು, ಆಮೇಲೆ ಗಂಡ ಹೆಂಡತಿ ಆಗಬೇಕು! 1923ರ ತಿದ್ದುಪಡಿಯಾದ ಮೇಲೆ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಈ ಸುಳ್ಳಿನಿಂದ ಬಿಡುಗಡೆ ಸಿಕ್ಕಿತು. ಹಿಂದೂಗಳ ಅಂತರ್ಜಾತಿ ಮದುವೆಗಳೆಲ್ಲ ಊರ್ಜಿತ ಅಂತ ಕಾಯಿದೆ ಆದದ್ದು 1949ರಲ್ಲಿ, ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ. 1954ರ ವಿಶೇಷ ವಿವಾಹ ಕಾಯಿದೆ ಯಾವ ಧರ್ಮದವರಾದರೂ ಮದುವೆ ಆಗಬಹುದು ಅಂದಿತು, ಜೊತೆಗೆ 30 ದಿವಸದ ನೋಟೀಸನ್ನು ಕಚೇರಿಯ ಬೋರ್ಡಿಗೆ ಅಂಟಿಸಬೇಕು ಅಂತಲೂ ಅಂದಿತು. ಒಂದು ಕಾಲದಲ್ಲಿ ಮುಚ್ಚಿಡು ಅಂದ ಕಾನೂನು ಈಗ ಊರಿಗೆ ಸಾರು ಅನ್ನುತ್ತೆ. ದೊಣ್ಣೆ ಹಿಡಿದವರಿಗೆ ಹುಡುಗ ಹುಡುಗಿಯ ವಿಳಾಸ ಬೋರ್ಡಿನ ಮೇಲೇ ಸಿಗುತ್ತೆ.

ಅಂತರ್ಜಾತಿ ಮದುವೆಗೆ ಕಾನೂನಿನ ಅಡ್ಡಿ ಯಾವುದೂ ಇಲ್ಲ, ಇವು ದೇಶಕ್ಕೆ ಒಳ್ಳೆಯದು ಅಂತ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು. 2018ರಲ್ಲಿ ಮರ್ಯಾದೆ ಹೆಸರಿನ ಕೊಲೆಗಳನ್ನು ತಡೆಯಲು ಸರ್ಕಾರಗಳಿಗೆ ಕಟ್ಟಪ್ಪಣೆ ಮಾಡಿತು. 2011-12ರಲ್ಲಿ ದೇಶದ ತುಂಬ ನಡೆದ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿ ದಾಟಿದ ಮದುವೆಗಳು ಸಿಕ್ಕಿದ್ದು ನೂರಕ್ಕೆ ಸುಮಾರು 5. ಉಳಿದ 95 ಮನೆಯಲ್ಲಿ ಮನುವೇ ಪುರೋಹಿತ. ನಮ್ಮ ಕಡೆಯಲ್ಲೂ ಬೆಳಗಿನ ಜಾವ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮುಖ ಮುಚ್ಚಿಕೊಂಡು ಬೆಂಗಳೂರಿನ ಬಸ್ಸು ಹತ್ತಬೇಕಾದ ಜೋಡಿಗಳಿಗೆ ಕೊರತೆ ಇಲ್ಲ. ಅವರು ಯಾರಿಗೆ ಹೆದರಿ ಮುಖ ಮುಚ್ಚಿಕೊಳ್ಳುತ್ತಾರೋ ಆ ಜನ ತಮ್ಮ ತೋಟದ ಕಾಯಿ ಕೆಡವಿಸೋದು, ಸುಲಿಸೋದು, ಕೊಬ್ಬರಿ ಒಡೆಸೋದು ನಮ್ಮ ಕೈಯಲ್ಲೇ. ನಾವು ಸುಲಿದ ಕಾಯಿ ಗರ್ಭಗುಡಿಗೆ ಹೋಗುತ್ತೆ, ಸುಲಿದ ಕೈ ಹೋಗೋ ಹಾಗಿಲ್ಲ.

ಹಾಗಂತ ಈ ಕಥೆಯನ್ನು ಹೂತುಹಾಕಿ ಅಂತ ನಾವು ಹೇಳುತ್ತಿಲ್ಲ. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡುತ್ತೆ ಅಂತ ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಈ ಕಥೆಯನ್ನೂ ಬಹಳ ಕಾಲ ಅಟ್ಟದ ಮೇಲೆ ಬಿಟ್ಟದ್ದಾಗಿದೆ. ಈಗ ಇಳಿಸಿ ಒಡೆಯಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮ ಕೇಳಿಕೆ ಇಷ್ಟು. ನಿಮ್ಮ ಊರಿನ ಆಸಾದಿಯ ಹತ್ತಿರ, ತಮಟೆಯವರ ಹತ್ತಿರ, ಹಟ್ಟಿಯ ಅಜ್ಜಿಯರ ಹತ್ತಿರ ಕೂತು ಮಾರಮ್ಮನ ಕಥೆ ಬರೆದುಕೊಳ್ಳಿ. ಹಾಡಿದವರು ಹೇಗೆ ಹಾಡುತ್ತಾರೋ ಹಾಗೇ ಬರೆಯಿರಿ, ತಿದ್ದಬೇಡಿ. ಅವಳು ಅವನಿಗಾಗಿ ಅತ್ತ ಒಂದು ಸೊಲ್ಲು ಎಲ್ಲಾದರೂ ಉಳಿದಿದೆಯಾ ಅಂತ ಕಿವಿಗೊಟ್ಟು ಕೇಳಿ. ಬಿಷಪ್ಪನಿಗೆ ಕಥೆ ಹೇಳಿದವರು ಬಿಟ್ಟದ್ದು ನಮ್ಮ ಅಜ್ಜಿಯರ ನಾಲಿಗೆಯ ಮೇಲೆ ಇದ್ದರೂ ಇರಬಹುದು. ವಿದ್ಯಾರ್ಥಿ ಗೆಳೆಯರೆ, ಮುಂದಿನ ಮಾರಿಹಬ್ಬದಲ್ಲಿ ಯಾರಾದರೂ ‘ಅವನು ಮೋಸ ಮಾಡಿದ’ ಅಂದರೆ ಸುಮ್ಮನೆ ತಲೆ ಅಲ್ಲಾಡಿಸಿ ಬರಬೇಡಿ. ಅವನು ನಿಜ ಹೇಳಿದ್ದರೆ ನೀವು ಹೆಣ್ಣು ಕೊಡುತ್ತಿದ್ದಿರಾ ಅಂತ ಒಂದೇ ಮಾತು ಕೇಳಿ. ಉತ್ತರ ಬರುವ ತನಕ ಅಲ್ಲೇ ನಿಂತಿರಿ.